ಹಾಳೆ ಹಂಚಿಕೊಂಡ ಮೇಲೆ: ಒಂದು ಶಾಕುಹಾಚಿ ಬಳಗದ ಪ್ರಕರಣ

ಈ ಪ್ರಕರಣ ಶಾಕುಹಾಚಿ ಕಲಿಯುವವರ ಒಂದು ಬಳಗದ್ದು. ಶಾಕುಹಾಚಿ ಅಂದ್ರೆ ಜಪಾನಿನ ಬಿದಿರಿನ ಕೊಳಲು. ಗುರುಗಳು ಜಪಾನಿನಲ್ಲಿದ್ದಾರೆ, ಶಿಷ್ಯರು ಯುರೋಪ್, ಅಮೆರಿಕ, ಆಸ್ಟ್ರೇಲಿಯಾ, ಭಾರತ ಹೀಗೆ ಎಲ್ಲೆಲ್ಲೋ. ನಾನೂ ಅಲ್ಲಿ ಕಲಿಯುತ್ತಿದ್ದೇನೆ. ಬಳಗದವರಿಗೆ ಹೇಳಿ, ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲ, ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಒಂದು ಹಂತದಲ್ಲಿ ಬಳಗ ಒಡೆದೇ ಹೋಗುತ್ತದೆ ಅನ್ನುವಂತಾಗಿತ್ತು. ಯಾಕೆ ಹಾಗಾಯಿತು, ಆಮೇಲೆ ಏನು ಮಾಡಿದರು ಅನ್ನುವುದು ದೂರದ ಗುರುಗಳಿಂದ ಸಂಗೀತ ಕಲಿಯುವ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ಮೊದಲು ವಾದ್ಯದ ಬಗ್ಗೆ ಸ್ವಲ್ಪ. ಮದಾಕೆ ಅನ್ನುವ ದಪ್ಪ ಬಿದಿರಿನ ಬುಡದ ಭಾಗದಿಂದ ಇದನ್ನು ಮಾಡುತ್ತಾರೆ. ಜಾಸ್ತಿ ಬಳಕೆಯಲ್ಲಿರುವುದು ಸುಮಾರು 54.5 ಸೆಂ.ಮೀ. ಉದ್ದದ್ದು. ಮುಂದೆ ನಾಲ್ಕು ತೂತು, ಹಿಂದೆ ಒಂದು, ಅಷ್ಟೇ. ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿಯುವುದಿಲ್ಲ, ನೇರ ಹಿಡಿದು ಮೇಲ್ತುದಿಯ ಓರೆ ಅಂಚಿನ ಮೇಲೆ ಊದಬೇಕು. ತಲೆ ತಗ್ಗಿಸಿದರೆ ಸ್ವರ ಇಳಿಯುತ್ತದೆ, ಅದಕ್ಕೆ ಮೆರಿ ಅಂತಾರೆ. ತಲೆ ಎತ್ತಿದರೆ ಏರುತ್ತದೆ, ಅದು ಕರಿ. ಮೆರಿಯಲ್ಲಿ ಸ್ವರ ಇಳಿಯುವುದರ ಜೊತೆಗೆ ನಾದವೂ ಸಣ್ಣದಾಗಿ, ಮಬ್ಬಾಗಿ, ಒಳಗಿನಿಂದ ಬಂದ ಹಾಗೆ ಕೇಳುತ್ತದೆ. ಮುಂದಿನ ಜಗಳಕ್ಕೆಲ್ಲ ಈ ಮಬ್ಬು ನಾದವೇ ಒಂದು ಕಾರಣ, ಅದಕ್ಕೆ ಇಲ್ಲೇ ಹೇಳಿಬಿಟ್ಟೆ. ತಲೆ ಅಲ್ಲಾಡಿಸುವುದು ಕಲಿಯಲಿಕ್ಕೇ ಮೂರು ವರ್ಷ ಬೇಕು ಅಂತ ಜಪಾನಿನಲ್ಲಿ ಒಂದು ಮಾತೇ ಇದೆ.

ಬಳಗ ಶುರುವಾಗಿದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಗುರುಗಳು ಶಾಕುಹಾಚಿಯ ಹಳೆಯ ಶಾಖೆಗಳಲ್ಲಿ ಒಂದಾದ ಕಿಂಕೊ ಪರಂಪರೆಯವರು. ಬಳಗದಲ್ಲಿ ಎಲ್ಲರೂ ಅವರನ್ನು ಸೆನ್ಸೇ ಅಂತಲೇ ಕರೆಯುತ್ತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. ಮೊದಲು ಅವರ ಹತ್ತಿರ ವರ್ಷಕ್ಕೊಮ್ಮೆ ಹೋಗಿ ಕಲಿತು ಬರುವ ನಾಲ್ಕೈದು ಜನ ವಿದೇಶಿ ಶಿಷ್ಯರಿದ್ದರು. ಜಪಾನ್ ಗಡಿ ಮುಚ್ಚಿತು, ಪಾಠ ನಿಂತಿತು. ಅವರಲ್ಲಿ ಒಬ್ಬ ಮಹಿಳೆ, ಯುರೋಪಿನವರು, ವಿಡಿಯೊ ಕರೆಯಲ್ಲಾದರೂ ಪಾಠ ಮಾಡಿ ಅಂತ ಸೆನ್ಸೇಯನ್ನು ಒಪ್ಪಿಸಿದರು. ಅವರೇ ಮುಂದೆ ಸಂಚಾಲಕಿಯಾದರು. ನಾಲ್ಕೈದು ಜನ ಹತ್ತಾದರು, ಹತ್ತು ಮೂವತ್ತು ಚಿಲ್ಲರೆ ಆಯಿತು. ಮನೆಯಲ್ಲೇ ಕೂತ ಆ ದಿನಗಳಲ್ಲಿ ಪ್ಲಾಸ್ಟಿಕ್ಕಿನ ಶಾಕುಹಾಚಿ ತರಿಸಿಕೊಂಡು ಸೇರಿದವರೇ ಜಾಸ್ತಿ. ಬಿದಿರಿನದು ತುಂಬಾ ದುಬಾರಿ, ಪ್ಲಾಸ್ಟಿಕ್ಕಿನದು ಕೈಗೆಟುಕುವ ಬೆಲೆಗೆ ಸಿಗುತ್ತದೆ, ಚಳಿಗಾಲದ ಒಣಹವೆಗೆ ಬಿರುಕು ಬಿಡುವುದೂ ಇಲ್ಲ.

ಮೊದಲ ತೊಂದರೆ ಬಂದಿದ್ದು ವಿಡಿಯೊ ಕರೆಯಿಂದಲೇ. ಕಲಿಕೆ ಶುರುವಾಗುವುದು ರೊ ಅನ್ನುವ ಸ್ವರದಿಂದ. ಎಲ್ಲ ತೂತು ಮುಚ್ಚಿ, ಅತ್ಯಂತ ಕೆಳಗಿನ ಆ ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಊದುವುದು. ದಿನವೂ ಮಾಡಬೇಕು, ಎಷ್ಟು ವರ್ಷ ಕಲಿತವರೂ ಮಾಡುತ್ತಾರೆ. ಒಬ್ಬ ಹೊಸ ಶಿಷ್ಯ ಊದುತ್ತಿದ್ದಾನೆ, ನಾಲ್ಕು ಸೆಕೆಂಡಿಗೆ ಸದ್ದು ಕರಗಿ ಮಾಯ. ಉಸಿರು ಸಾಲದು, ಹೊಟ್ಟೆಯಿಂದ ಊದಿ ಅಂತ ಸೆನ್ಸೇ ಹೇಳುತ್ತಲೇ ಇದ್ದರು. ಪಾಪ ಅವನು ಇನ್ನೂ ಜೋರಾಗಿ ಊದಿ ಊದಿ ತಲೆ ತಿರುಗಿ ಕೂತುಬಿಡುತ್ತಿದ್ದ. ಒಂದು ದಿನ ಇನ್ನೊಬ್ಬರು ಪರದೆಯಲ್ಲಿ ನೋಡಿದರು, ಸದ್ದು ನಿಂತ ಮೇಲೂ ಅವನ ಕೆನ್ನೆ ಹಾಗೇ ಇದೆ, ಎದೆ ಇಳಿಯುತ್ತಲೇ ಇದೆ. ಆಗ ಗೊತ್ತಾಯಿತು. ಕರೆಯ ಸಾಫ್ಟ್‌ವೇರ್‌ಗೆ ಒಂದೇ ಸಮನೆ ಬರುವ ಸದ್ದು ಅಂದರೆ ಫ್ಯಾನ್, ಏಸಿ. ಅದನ್ನು ಗದ್ದಲ ಅಂತ ತಿಳಿದು ಅಳಿಸಿಹಾಕುತ್ತದೆ. ಶಾಕುಹಾಚಿಯ ಉಸಿರಿನ ಸೊಯ್ ಅನ್ನುವ ಸದ್ದಂತೂ ಮೊದಲೇ ಹೋಗಿರುತ್ತದೆ. ಗದ್ದಲ ತೆಗೆಯುವ ಸೆಟ್ಟಿಂಗ್ ಆಫ್ ಮಾಡಿ, ಮೂಲ ಧ್ವನಿ ಹಾಗೇ ಹೋಗುವಂತೆ ಇಟ್ಟ ಮೇಲೆ ಸರಿಹೋಯಿತು. ದೂರದಿಂದ ಸಂಗೀತ ಕಲಿಯುವವರು ಪಾಠ ಶುರುವಾಗುವ ಮುಂಚೆ ಮಾಡಲೇಬೇಕಾದ ಕೆಲಸ ಇದು.

ಆದರೆ ಸದ್ದು ತಡವಾಗಿ ತಲುಪುವುದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಶಾಕುಹಾಚಿಯ ಪಾಠ ಅಂದರೆ ಗುರು ಶಿಷ್ಯ ಎದುರುಬದುರು ಕೂತು ಒಟ್ಟಿಗೆ ಊದುವುದು. ಗುರು ಎಲ್ಲಿ ತಲೆ ತಗ್ಗಿಸಿದರು, ಎಲ್ಲಿ ಉಸಿರು ಎಳೆದುಕೊಂಡರು ಅನ್ನುವುದು ಮಾತಿಲ್ಲದೆ ಮೈಗೆ ಬರುತ್ತದೆ. ಕರೆಯಲ್ಲಿ ಇಬ್ಬರು ಒಟ್ಟಿಗೆ ಊದಿದರೆ ಇಬ್ಬರಿಗೂ ಎದುರಿನವರು ಹಿಂದೆ ಬಿದ್ದ ಹಾಗೆ ಕೇಳುತ್ತದೆ. ಹಾಗಾಗಿ ಶಿಷ್ಯರು ಮ್ಯೂಟ್ ಮಾಡಿಕೊಂಡು ಸೆನ್ಸೇ ಜೊತೆ ಊದುವುದು, ಆಮೇಲೆ ಒಬ್ಬೊಬ್ಬರೇ ಊದಿ ತೋರಿಸುವುದು ಅಂತಾಯಿತು. ಒಟ್ಟಿಗೆ ಊದುವುದು ಕಡಿಮೆಯಾದಷ್ಟೂ ಸ್ವರ ಬರೆದ ಹಾಳೆಯ ಮೇಲಿನ ಅವಲಂಬನೆ ಜಾಸ್ತಿಯಾಯಿತು. ಇದು ಆಗ ಯಾರ ಗಮನಕ್ಕೂ ಬರಲಿಲ್ಲ. ಈಗ ಹಿಂದಕ್ಕೆ ನೋಡಿದರೆ ಮುಂದಿನದಕ್ಕೆಲ್ಲ ಬೇರು ಅಲ್ಲೇ ಇದೆ.

ಕಿಂಕೊ ಪರಂಪರೆಯ ಹಾಳೆ ಓದುವುದು ಹೊಸಬರಿಗೆ ಸುಲಭವಲ್ಲ. ಕತಕಾನಾ ಅನ್ನುವ ಜಪಾನಿ ಲಿಪಿಯ ಅಕ್ಷರಗಳು ಮೇಲಿನಿಂದ ಕೆಳಗೆ, ಸಾಲುಗಳು ಬಲದಿಂದ ಎಡಕ್ಕೆ. ರೊ, ತ್ಸು, ರೆ, ಚಿ, ರಿ. ಪಕ್ಕದಲ್ಲಿ ಚಿಕ್ಕ ಗೆರೆ, ಚುಕ್ಕೆ. 1896ರಲ್ಲಿ ನಕಾವೊ ತೊಝಾನ್ ಒಸಾಕಾದಲ್ಲಿ ಶುರುಮಾಡಿದ ತೊಝಾನ್ ಪರಂಪರೆಯ ಹಾಳೆಯ ರೀತಿಯೇ ಬೇರೆ. ಬಳಗದಲ್ಲಿ ಮೊದಲು ತೊಝಾನ್ ಕಲಿತು ಬಂದವರೂ ಇದ್ದರು, ಅವರಿಗೂ ಗೊಂದಲ. ಪಾಶ್ಚಾತ್ಯ ಫ್ಲೂಟ್ ನುಡಿಸುವ ಒಬ್ಬ ಯುವಕ ಇದಕ್ಕೆ ದಾರಿ ಹುಡುಕಿದ. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಗೆ ಒಂದೊಂದೇ ಕೃತಿ ಇಳಿಸತೊಡಗಿದ. ಒಳ್ಳೆ ಮನಸ್ಸಿನಿಂದ, ರಾತ್ರಿಯೆಲ್ಲ ಕೂತು ಮಾಡಿದ ಕೆಲಸ. ಇನ್ನೊಬ್ಬರು ಒಂದು ಹಂಚಿಕೆಯ ಫೋಲ್ಡರ್ ತೆರೆದು, ಸೆನ್ಸೇ ತಮಗೂ ಉಳಿದವರಿಗೂ ಆಗಾಗ ಕಳಿಸಿದ್ದ ಹಾಳೆಗಳ ಫೋಟೊಗಳನ್ನೆಲ್ಲ ಅದಕ್ಕೆ ಹಾಕಿದರು. ಸೆನ್ಸೇಯನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ವಿಷಯ ಅಂತ ಯಾರಿಗೂ ಅನಿಸಿರಲಿಲ್ಲ.

ಕೆಲವು ತಿಂಗಳು ಎಲ್ಲರಿಗೂ ಖುಷಿ. ಹೊಸಬರು ಮೊದಲ ಕೃತಿ ಪೂರ್ತಿ ಬರುವ ಮುಂಚೆಯೇ ನಾಲ್ಕನೆಯದಕ್ಕೆ ಹೋದರು. ಧ್ವನಿಮುದ್ರಣ ಕಳಿಸತೊಡಗಿದರು. ಕೇಳುತ್ತಿದ್ದರೆ ಏನೋ ಸರಿಯಿಲ್ಲ. ಸ್ವರ ತಪ್ಪಿಲ್ಲ, ಆದರೂ ಚಪ್ಪೆ. ಕಾರಣ ಸರಳ. ತ್ಸು ಮೆರಿ ಅನ್ನುವ ಸ್ವರ ಐದು ಗೆರೆಯಲ್ಲಿ ಇ ಫ್ಲಾಟ್ ಆಗುತ್ತದೆ. ಪಕ್ಕದ ಜಿ ಸ್ವರ ಹೇಗೋ ಇದೂ ಹಾಗೇ, ಒಂದು ಕಪ್ಪು ಬೊಟ್ಟು. ಕೆಳಗಿನ ತೂತನ್ನು ಸ್ವಲ್ಪ ಮುಚ್ಚಿ, ತಲೆಯನ್ನು ಚೆನ್ನಾಗಿ ತಗ್ಗಿಸಿ, ನಾದವನ್ನು ಮಬ್ಬಿಗೆ ಇಳಿಸಬೇಕು ಅನ್ನುವುದು ಆ ಬೊಟ್ಟಿನಲ್ಲಿ ಎಲ್ಲಿ ಕಾಣಬೇಕು? ಅವರು ಬೆರಳಿನಿಂದಷ್ಟೇ ಸ್ವರ ಹಿಡಿದು, ಜಿ ಊದಿದಷ್ಟೇ ಗಟ್ಟಿಯಾಗಿ ಅದನ್ನೂ ಊದುತ್ತಿದ್ದರು. ಗಮಕ ಕೇಳದೆ ಸ್ವರಪ್ರಸ್ತಾರ ನೋಡಿಕೊಂಡು ತೋಡಿ ಹಾಡಿದರೆ ಹೇಗಿರುತ್ತದೆ ಅಂತ ಯೋಚಿಸಿ, ಅರ್ಥವಾಗುತ್ತದೆ. ಸೆನ್ಸೇ ಧ್ವನಿಮುದ್ರಣ ಕೇಳಿ ಏನೂ ಬೈಯಲಿಲ್ಲ. "ಇನ್ನಷ್ಟು ಮೆರಿ" ಅಂತ ಒಂದು ಸಾಲು ಬರೆದು ಕಳಿಸುತ್ತಿದ್ದರು. ಎಲ್ಲರಿಗೂ ಅದೇ ಸಾಲು.

ಪ್ರಕರಣ ತಿರುಗಿದ್ದು ಒಂದು ಪೆನ್ಸಿಲ್ ಗೀಟಿನಿಂದ.

ಬಳಗಕ್ಕೆ ಆಗಷ್ಟೇ ಸೇರಿದ್ದ, ಸೆನ್ಸೇ ಹತ್ತಿರ ಒಂದು ಪಾಠವೂ ಆಗಿರದ ಒಬ್ಬರು ಫೋಲ್ಡರಿನಿಂದ ಒಂದು ಹಳೆಯ ಕೃತಿ ತೆಗೆದುಕೊಂಡು, ನುಡಿಸಿ, ಎಲ್ಲರೂ ನೋಡುವ ಹಾಗೆ ವಿಡಿಯೊ ಹಾಕಿದರು. ಕೃತಿಯ ನಡುವೆ ಒಂದು ಉದ್ದ ಸಾಲಿದೆ, ಒಂದೇ ಉಸಿರಿನಲ್ಲಿ ಹೋಗಬೇಕಾದದ್ದು. ಅವರು ಅದನ್ನು ಎರಡು ತುಂಡು ಮಾಡಿ, ಮಧ್ಯೆ ಉಸಿರು ತಗೊಂಡು ನುಡಿಸಿದರು. ನಮ್ಮ ಬಳಗದ ಇನ್ನೂ ಮೂರ್ನಾಲ್ಕು ಜನ ಆಗಲೇ ಹಾಗೇ ಕಲಿತಿದ್ದರು. ಫ್ಲೂಟ್ ಯುವಕನ ಹಾಳೆಯಲ್ಲೂ ಅಲ್ಲಿ ಅಚ್ಚುಕಟ್ಟಾಗಿ ಉಸಿರಿನ ಗುರುತು ಇತ್ತು. ವಿಡಿಯೊ ಹಾಕಿದವರಂತೂ ಇದು ಈ ಪರಂಪರೆಯ ವಿಶೇಷ ಅಂತ ಕೆಳಗೆ ಬರೆದೂ ಇದ್ದರು. ಯಾರೋ ಅದನ್ನು ಸೆನ್ಸೇಗೆ ಕಳಿಸಿದರು.

ಮುಂದಿನ ವಾರದ ಪಾಠದಲ್ಲಿ ಸೆನ್ಸೇ ತಮ್ಮ ಮೂಲ ಹಾಳೆಯನ್ನೇ ಕ್ಯಾಮೆರಾ ಮುಂದೆ ಹಿಡಿದರು. ಹಳದಿಯಾದ ಕಾಗದ, ಅಂಚು ಸವೆದಿದೆ. ಆ ಜಾಗದಲ್ಲಿ ಬೆರಳಿಟ್ಟು ಹೇಳಿದರು. ಇಪ್ಪತ್ತರ ಹರೆಯದಲ್ಲಿ ಅವರಿಗೆ ಶ್ವಾಸಕೋಶದ ಕಾಯಿಲೆಯಾಗಿತ್ತು. ಚೇತರಿಸಿಕೊಳ್ಳುತ್ತಿದ್ದಾಗ ಪಾಠಕ್ಕೆ ಹೋದರು, ಆ ಸಾಲು ಮುಗಿಸಲು ಆಗಲಿಲ್ಲ. ಅವರ ಗುರುಗಳು ಪೆನ್ಸಿಲ್ ತೆಗೆದು ಅಲ್ಲೊಂದು ಸಣ್ಣ ಗೀಟು ಎಳೆದು, ಸದ್ಯಕ್ಕೆ ಇಲ್ಲಿ ಉಸಿರು ತಗೋ ಅಂದರು. ಹುಷಾರಾದ ಮೇಲೆ ಸೆನ್ಸೇ ಒಂದೇ ಉಸಿರಿನಲ್ಲೇ ನುಡಿಸಿದರು. ಗೀಟು ಮಾತ್ರ ಅಳಿಸಲಿಲ್ಲ, ಗುರುಗಳ ಕೈಬರಹ ಅಲ್ವಾ. "ಇದು ಕೃತಿಯಲ್ಲಿ ಇಲ್ಲ. ನನಗೆ ಅಂತ ಹಾಕಿಕೊಟ್ಟದ್ದು" ಅಂದರು. ಆಮೇಲೆ ಸ್ವಲ್ಪ ದಿನ ಪಾಠ ಬೇಡ ಅಂದರು.

ಸಂಚಾಲಕಿ ಆ ರಾತ್ರಿಯೇ ಫೋಲ್ಡರ್ ಮುಚ್ಚಿದರು. ಯಾರ ಜೊತೆಗೂ ಚರ್ಚಿಸಲಿಲ್ಲ, ಕಾರಣವನ್ನೂ ಪೂರ್ತಿ ಬರೆಯಲಿಲ್ಲ. ನನ್ನ ಪ್ರಕಾರ ಮುಚ್ಚಿದ್ದು ಸರಿ, ಮುಚ್ಚಿದ ರೀತಿ ಬಳಗಕ್ಕೆ ಪೆಟ್ಟು ಕೊಟ್ಟಿತು. ಬೆಳಗ್ಗೆ ಎದ್ದವರಿಗೆ ಹಾಳೆಗಳೇ ಇಲ್ಲ. ಪಾಠವೂ ಇಲ್ಲ. ಆ ದಿನ ಪಾಠಕ್ಕೆ ಬಂದಿರದವರಿಗೆ ಗೀಟಿನ ವಿಷಯವೇ ಗೊತ್ತಿಲ್ಲ. ಜಗಳ ಹೊತ್ತಿಕೊಂಡಿತು.

ಒಂದು ಕಡೆಯವರು ಹೇಳಿದ್ದು ಇದು: ಹೊಂಕ್ಯೊಕು ಅನ್ನುವ ಈ ಹಳೆಯ ಕೃತಿಗಳು ಯಾರ ಸ್ವತ್ತೂ ಅಲ್ಲ. ಇವು ಝೆನ್ ಬೌದ್ಧರ ಫುಕೆ ಪಂಥದ ಕೊಮುಸೊ ಸನ್ಯಾಸಿಗಳು ತಲೆಗೆ ಬುಟ್ಟಿಯಂಥ ಟೋಪಿ ಹಾಕಿಕೊಂಡು ಊರೂರು ಸುತ್ತಿ ಊದಿದವು. 18ನೇ ಶತಮಾನದಲ್ಲಿ ಕುರೊಸಾವಾ ಕಿಂಕೊ ಬೇರೆ ಬೇರೆ ಕಡೆಯ ಕೃತಿಗಳನ್ನು ಕಲೆಹಾಕದೆ ಹೋಗಿದ್ದರೆ ಇವತ್ತು ಕಿಂಕೊ ಪರಂಪರೆಯ 36 ಕೃತಿಗಳೇ ಇರುತ್ತಿರಲಿಲ್ಲ. 1871ರಲ್ಲಿ ಮೇಜಿ ಸರ್ಕಾರ ಫುಕೆ ಪಂಥವನ್ನೇ ರದ್ದು ಮಾಡಿತು. ಆಗ ಅರಾಕಿ ಕೊದೊ, ಯೊಶಿದಾ ಇಚ್ಚೊ ಅವರಂಥ ವಾದಕರು ಸರ್ಕಾರಕ್ಕೆ ಮನವಿ ಮಾಡಿ, ಸಾಮಾನ್ಯ ಜನ ನುಡಿಸುವ ವಾದ್ಯವಾಗಿ ಇದನ್ನು ಉಳಿಸಿಕೊಂಡರು. ಹಂಚಿದ್ದರಿಂದಲೇ ಉಳಿದ ವಾದ್ಯ ಇದು, ಈಗ ಬಾಗಿಲು ಹಾಕುವುದು ಯಾವ ನ್ಯಾಯ? ಇನ್ನೊಂದು ಕಡೆಯವರದ್ದು ಚಿಕ್ಕ ಮಾತು. ಕೃತಿ ಎಲ್ಲರದ್ದು ಇರಬಹುದು, ಆ ಹಾಳೆ ಸೆನ್ಸೇಯದ್ದು, ಕೇಳದೆ ಹಂಚಿದ್ದು ತಪ್ಪು.

ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಇಬ್ಬರೂ ಮಾತಾಡುತ್ತಿದ್ದದ್ದು ಹಕ್ಕಿನ ಬಗ್ಗೆ. ಸೆನ್ಸೇಯ ಬೇಸರಕ್ಕೆ ಹಕ್ಕು ಕಾರಣ ಆಗಿರಲಿಲ್ಲ. ಒಬ್ಬ ಶಿಷ್ಯನ ಮೈ ನೋಡಿ ಕೊಟ್ಟ ಸಲಹೆ, ಆ ಶಿಷ್ಯ ಯಾರು ಅಂತ ಗೊತ್ತಿಲ್ಲದ ಜನರ ಕೈಯಲ್ಲಿ ನಿಯಮ ಆಗಿಬಿಟ್ಟಿತ್ತು. ಅವರಿಗೆ ನೋವಾಗಿದ್ದು ಅದಕ್ಕೆ. ಇದನ್ನು ಬಳಗದಲ್ಲಿ ಮೊದಲು ಬಾಯಿಬಿಟ್ಟು ಹೇಳಿದ್ದು ಫ್ಲೂಟ್ ಯುವಕನೇ. ತಾನು ಅಷ್ಟು ಶ್ರದ್ಧೆಯಿಂದ ನಕಲು ಮಾಡಿದ ಗುರುತು ಒಬ್ಬರ ಕಾಯಿಲೆಯದ್ದು ಅಂತ ಗೊತ್ತಾದ ಮೇಲೆ ಅವನು ತನ್ನ ಹಾಳೆಗಳನ್ನು ತಾನೇ ಹಿಂದಕ್ಕೆ ತಗೊಂಡ. ಸೆನ್ಸೇಗೆ ಒಂದು ಪತ್ರ ಬರೆದ. ಅದರಲ್ಲಿ ಕ್ಷಮೆಗಿಂತ ಜಾಸ್ತಿ ಇದ್ದದ್ದು ಪ್ರಶ್ನೆಗಳು. ಯಾವುದು ಕೃತಿ, ಯಾವುದು ನಿಮ್ಮ ಗುರುಗಳದ್ದು, ಯಾವುದು ನಿಮ್ಮದು, ಹೇಗೆ ಗೊತ್ತು ಮಾಡಿಕೊಳ್ಳುವುದು ಅಂತ ಸಾಲು ಸಾಲಾಗಿ ಕೇಳಿದ್ದ. ಪಾಠ ಮತ್ತೆ ಶುರುವಾಗಿದ್ದು ಆ ಪತ್ರದಿಂದ ಅಂತ ನಾನು ಖಂಡಿತವಾಗಿ ಹೇಳಬಲ್ಲೆ, ಯಾಕೆಂದರೆ ಸೆನ್ಸೇ ವಾಪಸ್ ಬಂದ ದಿನ ಮಾತು ಶುರುಮಾಡಿದ್ದೇ ಆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ.

ಸೆನ್ಸೇ ಇಟ್ಟ ಏರ್ಪಾಡು ಹಳೆಯದೇ. ಇನ್ನು ಮೇಲೆ ಫೋಟೊ ಇಲ್ಲ. ಪ್ರತಿಯೊಬ್ಬರೂ ಕೈಯಾರೆ ಬರೆದುಕೊಳ್ಳಬೇಕು. ಒಂದು ಪಾಠಕ್ಕೆ ಒಂದು ಉಸಿರಿನಷ್ಟು ಸಾಲು. ಅವರು ಮೊದಲು ಊದುತ್ತಾರೆ, ಶಿಷ್ಯರು ಮ್ಯೂಟ್ ಮಾಡಿಕೊಂಡು ಜೊತೆಗೆ ಊದುತ್ತಾರೆ, ಅದಾದ ಮೇಲೆ ಅವರು ಬ್ರಷ್ ಪೆನ್ನಿನಲ್ಲಿ ಕ್ಯಾಮೆರಾ ಕೆಳಗೆ ಬರೆದು ತೋರಿಸುತ್ತಾರೆ, ನೋಡಿಕೊಂಡು ಬರೆಯಬೇಕು. ನಡುರಾತ್ರಿಯಲ್ಲಿ ಏಳಲಾಗದವರಿಗೆ ಧ್ವನಿಮುದ್ರಣ ಸಿಗುತ್ತದೆ, ಆದರೆ ಮುಂದಿನ ಪಾಠದವರೆಗೆ ಮಾತ್ರ. ಹೊಸಬರ ಜೊತೆ ಹತ್ತಿರದ ಸಮಯವಲಯದ ಒಬ್ಬ ಹಳಬರು ವಾರಕ್ಕೊಮ್ಮೆ ಕೂತು ರೊ ಊದುತ್ತಾರೆ. ಇದಕ್ಕೆ ಸೆನ್ಸೇ ಸ್ವಲ್ಪ ಯೋಚಿಸಿಯೇ ಒಪ್ಪಿದ್ದು. ಪರಂಪರೆಯಲ್ಲಿ ಕಲಿಸಲು ಪರವಾನಗಿ ಬೇಕು. ಕೊನೆಗೆ ಇದು ಜೊತೆಗೆ ಅಭ್ಯಾಸ, ಪಾಠ ಅಲ್ಲ, ಇದಕ್ಕೆ ಯಾರೂ ದುಡ್ಡು ತಗೊಳ್ಳಬಾರದು ಅಂತ ತೀರ್ಮಾನವಾಯಿತು. ದುಡ್ಡಿನ ವಿಷಯ ಬಂದಾಗಲೇ ಇನ್ನೊಂದೂ ಇತ್ಯರ್ಥವಾಯಿತು. ಕರೆನ್ಸಿ ಬಿದ್ದುಹೋದ ದೇಶಗಳವರು ಅರ್ಧ ಶುಲ್ಕ ಕೊಟ್ಟರೆ ಸಾಕು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಸುಮಾರು ಮೂರನೇ ಒಂದು ಭಾಗ ಜನ ಬಿಟ್ಟುಹೋದರು. ಕೆಲವರು ತಮ್ಮದೇ ಗುಂಪು ಮಾಡಿಕೊಂಡರು, ಅಲ್ಲಿ ಐದು ಗೆರೆಯ ಹಾಳೆಗಳಲ್ಲೇ ನುಡಿಸುತ್ತಾರೆ. ಆ ಗುಂಪು ಚೆನ್ನಾಗಿಯೇ ನಡೆಯುತ್ತಿದೆ. ಕೊತೊ, ಶಮಿಸೆನ್ ಅನ್ನುವ ಜಪಾನಿನ ತಂತಿವಾದ್ಯಗಳ ಜೊತೆ ನುಡಿಸುವ ಸಾಂಕ್ಯೊಕು ಕೃತಿಗಳಲ್ಲಿ ಲಯ ನಿಗದಿಯಾಗಿರುತ್ತದೆ, ಅಲ್ಲಿ ಆ ಲಿಪಿ ನಿಜಕ್ಕೂ ಸಹಾಯಕ್ಕೆ ಬರುತ್ತದೆ. ಅಲ್ಲಿಂದ ಇಬ್ಬರು ಆಮೇಲೆ ನಮ್ಮ ಬಳಗಕ್ಕೂ ಬಂದರು. ಫ್ಲೂಟ್ ಯುವಕ ಎರಡೂ ಕಡೆ ಇದ್ದಾನೆ. ಅವನು ಈಗಲೂ ಹೊಂಕ್ಯೊಕುಗಳನ್ನು ಐದು ಗೆರೆಗೆ ಇಳಿಸುತ್ತಾನೆ, ಆದರೆ ಕೇಳುವಾಗ ಎದುರಿಗಿಟ್ಟುಕೊಳ್ಳಲು ಮಾತ್ರ. ಮೆರಿ ಸ್ವರಗಳಿಗೆ ಬೇರೆ ಆಕಾರದ ಬೊಟ್ಟು ಹಾಕುತ್ತಾನೆ, ಪೆನ್ಸಿಲ್ ಗುರುತು ಒಂದನ್ನೂ ಸೇರಿಸುವುದಿಲ್ಲ.

ಉಳಿದವರಿಗೆ ವೇಗ ಬಿದ್ದುಹೋಯಿತು. ಸೆನ್ಸೇ ಎಲ್ಲರನ್ನೂ ಕಿಂಕೊ ಶಿಷ್ಯರಿಗೆ ಮೊದಲು ಹೇಳಿಕೊಡುವ ಹಿಫುಮಿ ಹಾಚಿಗಾಎಶಿಗೆ ವಾಪಸ್ ತಂದರು. ಅದೊಂದೇ ಕೃತಿ ವರ್ಷದ ಬಹುಪಾಲು ತಿಂದಿತು. ನಡುವೆ ಬೇಜಾರಾದವರು ತುಂಬ ಜನ. ನನಗೂ ಆಗಿತ್ತು. ಮೊದಲು ಬಾನ್ಸುರಿ ನುಡಿಸುತ್ತಿದ್ದ ನನಗೆ ಅರ್ಧ ತೂತು ಮುಚ್ಚಿ ಸ್ವರ ಇಳಿಸುವುದು ಬೆರಳಿಗೆ ಅಂಟಿದ ಅಭ್ಯಾಸ. ತಲೆಯಿಂದ ಇಳಿಸು ಅಂದರೆ ಕುತ್ತಿಗೆ ಕೇಳಬೇಕಲ್ಲ. ಆದರೆ ಕೈಯಾರೆ ಬರೆಯುವಾಗ ಒಂದು ಬದಲಾವಣೆ ಆಗುತ್ತಿತ್ತು. ತ್ಸು ಪಕ್ಕದಲ್ಲಿ ಮೆರಿಯ ಚಿಕ್ಕ ಗುರುತು ಹಾಕುವಾಗ ತಲೆ ತಾನಾಗೇ ತಗ್ಗುತ್ತಿತ್ತು. ಆಗಷ್ಟೇ ಊದಿದ ಸಾಲನ್ನೇ ಬರೆಯುತ್ತಿದ್ದೆವಲ್ಲ, ಕಿವಿಯಲ್ಲಿ ಅದಿನ್ನೂ ಇರುತ್ತಿತ್ತು. ಧ್ವನಿಮುದ್ರಣಗಳಲ್ಲಿ ಆ ಮಬ್ಬು ನಾದ ಒಬ್ಬೊಬ್ಬರಿಗೇ ಬರತೊಡಗಿತು. "ಇನ್ನಷ್ಟು ಮೆರಿ" ಅನ್ನುವ ಸಾಲು ನಿಂತು, ಒಬ್ಬೊಬ್ಬರಿಗೆ ಒಂದೊಂದು ಮಾತು ಬರೆಯಲು ಸೆನ್ಸೇ ಶುರುಮಾಡಿದರು.

2022ರ ಅಕ್ಟೋಬರಿನಲ್ಲಿ ಜಪಾನ್ ಮತ್ತೆ ಪ್ರವಾಸಿಗರಿಗೆ ತೆರೆದುಕೊಂಡಿತು. ಮರುವರ್ಷ ಬಳಗದ ಕೆಲವರು ಸೆನ್ಸೇಯ ಊರಿಗೆ ಹೋದೆವು. ಮೊದಲ ಸಲ ಒಂದೇ ಕೋಣೆಯಲ್ಲಿ, ಒಟ್ಟಿಗೆ ರೊ. ಶ್ರುತಿ ಕೂಡಲೇ ಇಲ್ಲ. ಕೆಲವರದ್ದು 440 ಹರ್ಟ್ಸ್ ಶ್ರುತಿಗೆ ಕೂತ ವಾದ್ಯ, ಕೆಲವರದ್ದು 442ಕ್ಕೆ, ಇಬ್ಬರದ್ದು ಒಳಗೆ ಲೇಪವಿಲ್ಲದ ಜಿನಾಶಿ, ಅದರ ದಾರಿಯೇ ಬೇರೆ. ಸೆನ್ಸೇ ಅದನ್ನು ಸರಿಮಾಡಲು ಹೋಗಲಿಲ್ಲ. ಎಲ್ಲರ ಕೈಬರಹದ ಹಾಳೆಗಳನ್ನು ಚಾಪೆಯ ಮೇಲೆ ಹರಡಿಸಿ, ಒಬ್ಬೊಬ್ಬರನ್ನೇ ಊದಿಸಿ, ಕೇಳುತ್ತಾ ಪೆನ್ಸಿಲ್ ತಗೊಂಡು ಗುರುತು ಹಾಕುತ್ತಾ ಹೋದರು. ಆಸ್ತಮಾ ಇರುವ ಒಬ್ಬರಿಗೆ ಒಂದು ಸಾಲಿನಲ್ಲಿ ಎರಡು ಗೀಟು. ಅದೇ ಸಾಲಿಗೆ ಇನ್ನೊಬ್ಬರಿಗೆ ಒಂದೂ ಇಲ್ಲ. ನನಗೆ ಗೀಟಿಲ್ಲ, ಆದರೆ ಒಂದು ಜಾಗದಲ್ಲಿ ತಲೆಯ ಚಿಕ್ಕ ಚಿತ್ರ ಬಿಡಿಸಿ ಕೆಳಕ್ಕೆ ಬಾಣ ಹಾಕಿದರು. ಆ ಹಾಳೆಗಳನ್ನು ಯಾರೂ ಫೋಟೊ ತೆಗೆದು ಗುಂಪಿಗೆ ಹಾಕಲಿಲ್ಲ. ಬೇಡ ಅಂತ ಯಾರೂ ಹೇಳಿರಲಿಲ್ಲ.

ಇಂಥ ಬಳಗ ಕಟ್ಟುವವರಿಗೆ ನಾನು ಹೇಳುವುದಿಷ್ಟು. ಯಾವುದನ್ನು ಹಂಚಬಹುದು ಅಂತ ಗುರುಗಳನ್ನು ಮೊದಲ ವಾರವೇ ಕೇಳಿ, ಎಲ್ಲರೆದುರು ಕೇಳಿ. ತಡವಾಗಿ ಏನನ್ನಾದರೂ ಮುಚ್ಚಬೇಕಾಗಿ ಬಂದರೆ ಕಾರಣ ಪೂರ್ತಿ ಹೇಳಿ ಮುಚ್ಚಿ. ನಮ್ಮಲ್ಲಿ ಬಿಟ್ಟುಹೋದವರಲ್ಲಿ ಕೆಲವರಿಗೆ ಗೀಟಿನ ಕತೆ ತಿಳಿದಿದ್ದರೆ ಉಳಿಯುತ್ತಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ. ಗುರುಗಳು ಎಲ್ಲರಿಗೂ ಒಂದೇ ತಿದ್ದುಪಡಿ ಹೇಳುತ್ತಿದ್ದಾರೆ ಅಂದರೆ ಶಿಷ್ಯರಲ್ಲಿ ಹುಳುಕು ಹುಡುಕುವ ಮುಂಚೆ ಕಲಿಕೆಯ ದಾರಿಯನ್ನು ನೋಡಿ. ಇನ್ನು ಹಾಳೆಯಲ್ಲಿರುವ ಪ್ರತಿ ಕೈಗುರುತಿನ ಬಗ್ಗೆ ಇದನ್ನು ಯಾರು, ಯಾರಿಗಾಗಿ ಹಾಕಿದ್ದು ಅಂತ ಕೇಳುವ ಅಭ್ಯಾಸ ಇರಲಿ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಸೆನ್ಸೇಗೆ ವಯಸ್ಸಾಗುತ್ತಿದೆ, ಅವರ ಗುರುಗಳ ಹಾಳೆಗಳು ಒಂದು ಮರದ ಪೆಟ್ಟಿಗೆಯಲ್ಲಿವೆ. ಜಪಾನಿನ ಅವರ ಶಿಷ್ಯರು ಇಬ್ಬರೇ, ಅವರಿಗೂ ವಯಸ್ಸಾಗಿದೆ. ಹಾಳೆಗಳನ್ನು ಸ್ಕ್ಯಾನ್ ಮಾಡಿ, ಪ್ರತಿ ಗುರುತಿನ ಹಿಂದಿನ ಕತೆಯನ್ನು ಸೆನ್ಸೇಯ ಬಾಯಲ್ಲೇ ಹೇಳಿಸಿ ಜೊತೆಗೆ ಧ್ವನಿಮುದ್ರಿಸಿಡೋಣ ಅಂತ ಸಂಚಾಲಕಿ ಕೇಳಿದ್ದಾರೆ. ಈ ಸಲ ಇಡೀ ಬಳಗದ ಜೊತೆ ಮಾತಾಡಿಯೇ ಕೇಳಿದ್ದು. ಸೆನ್ಸೇ ಬೇಡ ಅಂದಿಲ್ಲ. ಮೊದಲ ಹಾಳೆ ಯಾವುದಾಗಬೇಕು ಅಂತ ತಾವೇ ಆರಿಸುತ್ತೇನೆ ಅಂದಿದ್ದಾರೆ.